ಆರಿಸಲು ಬಂದರೆ ಗಾಜು ಬಂದಂತೆ

ಗಂಗಾವತಿಯ ಯಾವುದೇ ಗ್ಲಾಸ್ ಅಂಗಡಿಯ ಹಿಂಬದಿಗೆ ಹೋಗಿ ನೋಡಿ. ಕಿಟಕಿಗೆ, ಶೋಕೇಸಿಗೆ, ದೇವರ ಫೋಟೊಗಳಿಗೆ ಕತ್ತರಿಸಿ ಉಳಿದ ಗಾಜಿನ ಪಟ್ಟಿಗಳು ಒಂದು ಡಬ್ಬದಲ್ಲಿ ನಿಂತಿರುತ್ತವೆ. ಕೆಲವು ಬೆರಳಗಲ, ಕೆಲವು ಅಂಗೈಯಗಲ. ಕೈಗೆ ತಾಗೀತು ಎಂದು ಅಂಗಡಿಯವರು ಅವನ್ನು ಮೂಲೆಗೆ ಸರಿಸಿರುತ್ತಾರೆ. ಅವೇ ಪಟ್ಟಿಗಳನ್ನು ತೊಳೆದು, ಒಂದರ ಮೇಲೊಂದು ಜೋಡಿಸಿ, ಮುಚ್ಚಿದ ಕುಲುಮೆಯಲ್ಲಿ 830 ಡಿಗ್ರಿವರೆಗೆ ಕಾಯಿಸಿದರೆ ಒಂದೇ ಹಲಗೆಯಾಗಿ ಬೆಸೆದುಕೊಳ್ಳುತ್ತವೆ. ಆ ಹಲಗೆಯನ್ನು ಮಣ್ಣಿನ ಅಚ್ಚಿನ ಮೇಲಿಟ್ಟು ಇನ್ನೊಮ್ಮೆ 700ರ ಹತ್ತಿರಕ್ಕೆ ಕಾಯಿಸಿದರೆ ತಾನಾಗಿ ಬಾಗಿ ಬೋಗುಣಿಯಾಗುತ್ತದೆ. ಇದರಲ್ಲಿ ಊದುವ ನಳಿಗೆಯಿಲ್ಲ, ಹಗಲೂ ರಾತ್ರಿ ಉರಿಯುವ ಕರಗಿದ ಗಾಜಿನ ಮೂಸೆಯಿಲ್ಲ. ತಣ್ಣಗಿರುವ ಗಾಜನ್ನು ಮೇಜಿನ ಮೇಲೆ ಜೋಡಿಸಿ, ಉಳಿದದ್ದನ್ನು ಕಾವಿಗೆ ಬಿಡುವುದು ಈ ಕಸುಬು. ಕಿಲನ್ ಗ್ಲಾಸ್ ಎಂದು ಕಲಾವಿದರು ಕರೆಯುವುದು ಇದನ್ನೇ. ಊದುವ ವಿದ್ಯೆ ಹುಟ್ಟಿದ್ದು ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ. ಅಚ್ಚಿನ ಮೇಲೆ ಗಾಜನ್ನು ಬಾಗಿಸುವುದು ಅದಕ್ಕಿಂತ ಹಳೆಯದು.

ಕೊಪ್ಪಳ ಜಿಲ್ಲೆಯಲ್ಲಿ ಈ ಕಸುಬು ಬೇರೂರಬೇಕು ಎಂಬುದು ನನ್ನ ಬಲವಾದ ಆಸೆ. ಆಸೆಗೆ ಆಧಾರವೂ ಇದೆ. ಬೆಂಕಿಯ ವಿಷಯದಲ್ಲಿ ಈ ಜಿಲ್ಲೆ ಹೊಸತೇನೂ ಕಲಿಯಬೇಕಿಲ್ಲ. ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್‌ನಲ್ಲಿ ಬೀಡು ಕಬ್ಬಿಣ ಕರಗುತ್ತದೆ, ಗಿಣಿಗೇರಿ ಸುತ್ತಮುತ್ತ ಸ್ಪಾಂಜ್ ಐರನ್ ಕಾರ್ಖಾನೆಗಳ ಕಿಲನ್‌ಗಳು ತಿರುಗುತ್ತಲೇ ಇರುತ್ತವೆ. ಫೈರ್ ಬ್ರಿಕ್ ಎಂದರೇನು, ಸಿರಾಮಿಕ್ ಬ್ಲಾಂಕೆಟ್ ಹೇಗೆ ಹೊದಿಸಬೇಕು, ಥರ್ಮೋಕಪಲ್ ಎಲ್ಲಿ ತೂರಿಸಬೇಕು ಎಂದು ಬಲ್ಲ ಫಿಟ್ಟರ್‌ಗಳೂ ಎಲೆಕ್ಟ್ರಿಷಿಯನ್‌ಗಳೂ ನಮ್ಮ ಓಣಿಗಳಲ್ಲೇ ಇದ್ದಾರೆ. ಕಿನ್ನಾಳದ ಚಿತ್ರಗಾರರ ಕೈಯಲ್ಲಿ ಬಣ್ಣವಿದೆ, ಆಕಾರವಿದೆ. ಇವರೆಲ್ಲರ ನಡುವೆ ಒಂದು ಟಿ.ವಿ. ಪೆಟ್ಟಿಗೆಯಷ್ಟು ದೊಡ್ಡ ವಿದ್ಯುತ್ ಕುಲುಮೆ ಬಂದು ಕೂತರೆ ಸಾಕು.

ಗಾಜು ಈ ಸೀಮೆಗೆ ಪರಕೀಯವೂ ಅಲ್ಲ. ನೆರೆಯ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬಿ.ಕೆ. ಥಾಪರ್ 1954ರಲ್ಲಿ ಉತ್ಖನನ ನಡೆಸಿದರು. ಮಸ್ಕಿಯ ನೆಲದಲ್ಲಿ ಕಲ್ಲಿನ ಮಣಿಗಳ ಜೊತೆ ಗಾಜಿನ ಮಣಿಗಳೂ ಸಿಕ್ಕಿವೆ. ಇನ್ನೂ ಹತ್ತಿರದ ಕಾಲದ ಸಾಕ್ಷಿ ಬೇಕಿದ್ದರೆ ದಕ್ಷಿಣಕ್ಕೆ, ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಮತ್ತೋಡಿಗೆ ಹೋಗಬೇಕು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಗಾಜಿನ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಊರಿನ ಕೋಟೆಗೋಡೆಗೆ ಒತ್ತಿ ಕಟ್ಟಿದ ಕಟ್ಟೆಯಲ್ಲಿ ಕುಲುಮೆ. ಹಸಿರು, ಕೆಂಪು, ನೀಲಿ, ಕಪ್ಪು, ಹಳದಿ ಬಣ್ಣದ ಬಳೆಗಳು.  ಬೇಕಾದ ಸರಕೆಲ್ಲ ಸುತ್ತಲಿನ ನೆಲದ್ದೇ: ಬೆಣಚುಕಲ್ಲಿನ ಪುಡಿ, ಸೌಳು ಮಣ್ಣಿನಿಂದ ತೆಗೆದ ಸೋಡಾ.

ಸೌಳು ಎಂದರೆ ಗಂಗಾವತಿ, ಕಾರಟಗಿ ಕಡೆಯ ರೈತರ ಎದೆ ಝಲ್ಲೆನ್ನುತ್ತದೆ. ತುಂಗಭದ್ರಾ ಕಾಲುವೆ ಕೆಳಗಿನ ಗದ್ದೆಗಳಲ್ಲಿ ಮೇಲೆದ್ದ ಉಪ್ಪಿನ ಮೇಲೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ವರ್ಷಗಳಿಂದ ಕೆಲಸ ಮಾಡುತ್ತಿದೆ. ಹೊಲಕ್ಕೆ ಶತ್ರುವಾದ ಆ ಸೋಡಾ ಅಂಶ ಗಾಜಿಗೆ ಜೀವ. ಮರಳಿನ ಸಾರವಾದ ಸಿಲಿಕಾ ಒಂದೇ ಕರಗಬೇಕಾದರೆ 1700 ಡಿಗ್ರಿ ಹತ್ತಿರದ ಕಾವು ಬೇಕು. ಸೋಡಾ ಸೇರಿದರೆ ಅದು ಎಷ್ಟೋ ಕೆಳಗಿಳಿಯುತ್ತದೆ. ಬರೀ ಸೋಡಾ ಸೇರಿಸಿದ ಗಾಜು ನೀರಲ್ಲಿ ಕರಗಿ ಹೋಗುವುದರಿಂದ ಸುಣ್ಣವೂ ಬೇಕು. ಇವತ್ತಿನ ಕಿಟಕಿ ಗಾಜಿನಲ್ಲಿ ನೂರಕ್ಕೆ ಸುಮಾರು 72 ಪಾಲು ಸಿಲಿಕಾ, 14 ಪಾಲು ಸೋಡಾ, ಉಳಿದದ್ದರಲ್ಲಿ ಹೆಚ್ಚಿನದು ಸುಣ್ಣ ಮತ್ತು ಮೆಗ್ನೀಷಿಯಾ. ಬಣ್ಣ ತೆಗೆದಿಟ್ಟರೆ ಮತ್ತೋಡಿನ ಬಳೆಗೂ ನಿಮ್ಮ ಮನೆಯ ಕಿಟಕಿಗೂ ಇರುವುದು ದಾಯಾದಿ ಸಂಬಂಧವೇ.

ಸೀಸ, ತವರಗಳಂತೆ ಗಾಜಿಗೆ ಇಂಥದ್ದೇ ಡಿಗ್ರಿಯಲ್ಲಿ ಕರಗುವ ಬಿಂದುವಿಲ್ಲ. ಬೆಲ್ಲದ ಪಾಕದ ಹಾಗೆ ಅದು ಕಾವೇರಿದಂತೆ ಸಡಿಲಾಗುತ್ತ, ಇಳಿದಂತೆ ಬಿಗಿಯಾಗುತ್ತ ಹೋಗುತ್ತದೆ. ಕಿಟಕಿ ಗಾಜು 500 ಡಿಗ್ರಿವರೆಗೆ ಮೇಜಿನ ಮೇಲಿದ್ದಷ್ಟೇ ಗಟ್ಟಿ, ಅಷ್ಟೇ ಪೆಡಸು. 680 ದಾಟಿದ ಮೇಲೆ ತನ್ನ ಭಾರಕ್ಕೆ ತಾನೇ ಜೋತು ಬೀಳುತ್ತದೆ. 780ರ ಆಸುಪಾಸಿನಲ್ಲಿ ಒಂದಕ್ಕೊಂದು ಅಂಟುತ್ತದೆ, ಆದರೆ ತುಂಡುಗಳ ಆಕಾರ ಮೇಲ್ಮೈಯಲ್ಲಿ ಉಬ್ಬಿ ಕಾಣುತ್ತಲೇ ಇರುತ್ತದೆ. 830ಕ್ಕೆ ಪೂರ್ತಿ ಒಂದಾಗಿ ಸಪಾಟಾಗುತ್ತದೆ. ಇಷ್ಟು ತಿಳಿದವರು ಅರ್ಧ ಕಸುಬು ಕಲಿತ ಹಾಗೆ ಅಂದುಕೊಳ್ಳುತ್ತಾರೆ. ನಿಜವಾದ ಕಸುಬು ಇರುವುದು ಇಳಿಯುವ ದಾರಿಯಲ್ಲಿ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಗಾಜಿನ ಆಯ್ಕೆ. ಹೊರದೇಶದಲ್ಲಿ ಕಿಲನ್ನಿಗೆಂದೇ ಮಾಡಿದ ಬಣ್ಣದ ಗಾಜು ಸಿಗುತ್ತದೆ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 1974ರಲ್ಲಿ ಶುರುವಾದ ಬುಲ್ಸ್‌ಐ ಕಂಪನಿ ಇದರಲ್ಲಿ ದೊಡ್ಡ ಹೆಸರು. ಅವರ ಬಣ್ಣಗಳು ಒಂದರೊಡನೊಂದು ಬೆರೆತರೂ ಸಿಡಿಯದಂತೆ ಪರೀಕ್ಷಿಸಿ ಕೊಟ್ಟವು. ಚೆಂದದ ಸರಕು, ಆದರೆ ತರಿಸಿಕೊಂಡರೆ ದುಬಾರಿ. ಹೊಸಬರು ಮೊದಲ ವರ್ಷ ಅದರ ಗೊಡವೆಗೆ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ದುಬಾರಿ ಗಾಜಿನಲ್ಲಿ ಯಾರೂ ಧಾರಾಳವಾಗಿ ಪ್ರಯೋಗ ಮಾಡುವುದಿಲ್ಲ. ಅಂಗಡಿಯ 3 ಅಥವಾ 4 ಎಂ.ಎಂ. ಪ್ಲೇನ್ ಗ್ಲಾಸ್ ಸಾಕು. ಬಣ್ಣಕ್ಕೆ ಗಾಜಿನ ಎನಾಮೆಲ್ ಪುಡಿ ಸಿಗುತ್ತದೆ. ತಾಮ್ರವೂ ಇದೆ. ಕುಷ್ಟಗಿ, ಯಲಬುರ್ಗಾದಲ್ಲಿ ಬೋರ್‌ವೆಲ್ ಮೋಟರು ಸುಟ್ಟಾಗ ಓಡುವ ವೈಂಡಿಂಗ್ ಅಂಗಡಿಗಳಲ್ಲಿ ಹಳೆಯ ತಾಮ್ರದ ತಂತಿ ರಾಶಿ ಬಿದ್ದಿರುತ್ತದೆ. ಸಣ್ಣ ತಂತಿಯ ಮೇಲಿನ ವಾರ್ನಿಷ್ ಕೆರೆದು ತೆಗೆದು, ಸುತ್ತಿಗೆಯಿಂದ ಬಡಿದು ತೆಳ್ಳಗೆ ಮಾಡಿ ಎರಡು ಗಾಜಿನ ನಡುವೆ ಇಟ್ಟು ಬೆಸೆದರೆ ಕೆಂಪು, ಅಂಚಿನಲ್ಲಿ ಹಸಿರು-ನೀಲಿ ಛಾಯೆ ಮೂಡುತ್ತದೆ. ತಾಮ್ರ ಗಾಜಿಗಿಂತ ಹೆಚ್ಚು ಹಿಗ್ಗುವ ಲೋಹವಾದರೂ ತೆಳುವಾಗಿದ್ದಾಗ ಮೆತ್ತಗೆ ಬಗ್ಗಿಕೊಳ್ಳುವುದರಿಂದ ಗಾಜು ಒಡೆಯುವುದಿಲ್ಲ. ದಪ್ಪ ತಂತಿ ಇಟ್ಟರೆ ಒಡೆಯುತ್ತದೆ.

ಟಫನ್ಡ್ ಗ್ಲಾಸ್ ತರಬೇಡಿ. ಅದಕ್ಕೆ ಕಟರ್ ಹಾಕಿದರೆ ಪುಡಿಪುಡಿಯಾಗುತ್ತದೆ. ಕನ್ನಡಿಯೂ ಬೇಡ, ಬೆನ್ನಿನ ಬಣ್ಣ ಸುಟ್ಟು ಕೆಟ್ಟ ಹೊಗೆ ಏಳುತ್ತದೆ. ಬಾಟಲಿಗಳನ್ನು ಚಪ್ಪಟೆ ಮಾಡಬಹುದು, ಆದರೆ ಬಾಟಲಿಯ ತುಂಡನ್ನು ಕಿಟಕಿ ಗಾಜಿನೊಡನೆ ಬೆಸೆಯಬಾರದು. ಎರಡೂ ಸೋಡಾ-ಸುಣ್ಣದ ಗಾಜೇ, ಆದರೂ ಹಿಗ್ಗುವ ಪ್ರಮಾಣ ಬೇರೆ. ಎರಡು ಬೇರೆ ಕಂಪನಿಗಳ ಕಿಟಕಿ ಗಾಜಿನಲ್ಲೂ ವ್ಯತ್ಯಾಸ ಇರಬಹುದು. ಅದಕ್ಕಾಗಿ ಒಂದು ಪಾತ್ರೆಗೆ ಬೇಕಾದ ಎಲ್ಲ ತುಂಡುಗಳನ್ನೂ ಒಂದೇ ಹಾಳೆಯಿಂದ ಕತ್ತರಿಸಿಕೊಳ್ಳಿ. ಮೊದಲು ಹೇಳಿದ ಡಬ್ಬದ ಪಟ್ಟಿಗಳನ್ನು ಬಳಸುವಾಗಲೂ ಒಂದೇ ಹಾಳೆಯವು ಯಾವುವು ಎಂದು ಅಂಗಡಿಯವರನ್ನೇ ಕೇಳಿ ಬೇರ್ಪಡಿಸಿ ತರಬೇಕು.

ತೊಳೆಯುವ ನೀರಿನ ಬಗ್ಗೆ ಇಲ್ಲಿನವರು ವಿಶೇಷ ಎಚ್ಚರ ವಹಿಸಬೇಕು. ನಮ್ಮ ಬೋರಿನ ನೀರು ಗಡಸು. ಕುಷ್ಟಗಿ, ಯಲಬುರ್ಗಾದ ಎಷ್ಟೋ ಹಳ್ಳಿಗಳಲ್ಲಿ ಫ್ಲೋರೈಡ್ ಬೇರೆ. ಆ ನೀರಲ್ಲಿ ತೊಳೆದು ಹಾಗೇ ಆರಲು ಬಿಟ್ಟರೆ ಹನಿ ಒಣಗಿದ ಕಡೆ ಉಪ್ಪಿನ ಸಣ್ಣ ಉಂಗುರ ಉಳಿಯುತ್ತದೆ. ಮೇಜಿನ ಮೇಲೆ ಅದು ಕಾಣುವುದೂ ಇಲ್ಲ. 800 ಡಿಗ್ರಿಯಿಂದ ಹೊರಬಂದಾಗ ಅದೇ ಜಾಗದಲ್ಲಿ ಬಿಳಿ ಪೊರೆ ಕಟ್ಟಿರುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತಂದು ಕೊನೆಯ ಸಲ ಅದರಲ್ಲಿ ಜಾಲಿಸಿ, ನೂಲು ಬಿಡದ ಹತ್ತಿ ಬಟ್ಟೆಯಿಂದ ಒರೆಸಿದರೆ ಈ ತೊಂದರೆ ಇಲ್ಲ. ಒರೆಸಿದ ಮೇಲೆ ಅಂಚು ಹಿಡಿದೇ ಎತ್ತಬೇಕು. ಹೆಬ್ಬೆರಳಿನ ಎಣ್ಣೆ ಪಸೆಯೂ ಸುಟ್ಟು ಗುರುತು ಬಿಡುತ್ತದೆ. ಬೇಸಿಗೆಯಲ್ಲಿ ಎರೆಹೊಲದ ಧೂಳು ಹಾರುವಾಗ ಕಿಟಕಿ ಮುಚ್ಚಿಕೊಂಡೇ ಜೋಡಣೆ ಮಾಡಿ.

ಇನ್ನು ಕುಲುಮೆ. ಗಾಜಿನ ಕಿಲನ್ನು ಮಡಕೆ ಸುಡುವ ಕಿಲನ್ನಿಗಿಂತ ಭಿನ್ನ. ಮಡಕೆಯದರಲ್ಲಿ ಕಾಯಿಲ್ ಗೋಡೆಯ ಸುತ್ತ ಇರುತ್ತದೆ. ಗಾಜು ಹಲಗೆಯಂತೆ ಮಲಗಿರುವುದರಿಂದ ಕಾವು ಮೇಲಿನಿಂದ, ಎಲ್ಲ ಕಡೆ ಸಮನಾಗಿ ಬರಬೇಕು. ಹಾಗಾಗಿ ಕಾಯಿಲ್ ಮುಚ್ಚಳದಲ್ಲಿರುತ್ತದೆ. ಒಳಗೆ 40 ಸೆಂ.ಮೀ. ಚೌಕ, 20 ಸೆಂ.ಮೀ. ಎತ್ತರದ ಪೆಟ್ಟಿಗೆ ಕಲಿಯುವವರಿಗೆ ಧಾರಾಳ. ಸುತ್ತ ಹಗುರ ಇನ್ಸುಲೇಷನ್ ಇಟ್ಟಿಗೆ, ಅದರ ಹೊರಗೆ ಸಿರಾಮಿಕ್ ಬ್ಲಾಂಕೆಟ್, ಕಾಂಥಾಲ್ ತಂತಿಯ ಕಾಯಿಲ್, ಕೆ-ಟೈಪ್ ಥರ್ಮೋಕಪಲ್, ಹೊತ್ತಿಗೆ ತಕ್ಕಂತೆ ಕಾವು ಏರಿಸಿ ಇಳಿಸುವ ಪ್ರೋಗ್ರಾಮ್ ಕಂಟ್ರೋಲರ್. ಗಾಜು ಕೂರಿಸಲು ಒಂದು ಕಾರ್ಡಿಯರೈಟ್ ಹಲಗೆ. ಕಂಟ್ರೋಲರ್ ವಿಷಯದಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ಬರೀ ‘ಆನ್-ಆಫ್’ ಆಗುವ, ಒಂದೇ ಡಿಗ್ರಿಗೆ ನಿಲ್ಲುವ ಕಂಟ್ರೋಲರ್‌ನಿಂದ ಗಾಜಿಗೆ ಏನೂ ಪ್ರಯೋಜನವಿಲ್ಲ. ಗಂಟೆಗೆ ಎಷ್ಟು ಡಿಗ್ರಿ ಎಂದು ಹೇಳಿ ಹಲವು ಹಂತ ತುಂಬಿಸಲು ಬರುವಂಥದ್ದೇ ಬೇಕು. ಗಂಗಾವತಿಯ ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿ ಒಳ್ಳೆಯ ಕಾವುತಡೆ, ಉಕ್ಕಿನ ಕಾರ್ಖಾನೆಗಳಲ್ಲಿ ಕರಗಿದ ಲೋಹದ ಮೇಲೆ ಹೊದಿಸುತ್ತಾರೆ. ಆದರೆ ಸ್ಟುಡಿಯೋದಲ್ಲಿ ಅದನ್ನು ಸುರಿದುಕೊಳ್ಳಬೇಡಿ. ಹಾರಿದ ಬೂದಿ ಗಾಜಿನ ಮೇಲೂ ಕೂರುತ್ತದೆ, ಪುಪ್ಪುಸದೊಳಗೂ ಹೋಗುತ್ತದೆ.

ಈ ಅಳತೆಯ ಕಿಲನ್ನಿಗೆ ಸುಮಾರು ಮೂರೂವರೆ ಕಿಲೋವ್ಯಾಟ್, ಅಂದರೆ 230 ವೋಲ್ಟಿನಲ್ಲಿ 15 ಆಂಪಿಯರ್ ಬೇಕು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ರಾತ್ರಿಯಿಡೀ ಬಿಡುವ ಕೆಲಸವಲ್ಲ ಇದು. ಮೀಟರ್ ಬೋರ್ಡಿನಿಂದ ಪ್ರತ್ಯೇಕ ಲೈನು, ಅದಕ್ಕೊಂದು ಎಂ.ಸಿ.ಬಿ., ಒಳ್ಳೆಯ ಅರ್ಥಿಂಗ್ ಬೇಕೇಬೇಕು. ವೋಲ್ಟೇಜ್ ಕುಸಿದರೆ ಆಗುವುದನ್ನೂ ಅರಿತಿರಬೇಕು. ಕಾಯಿಲ್ಲಿನ ಕಾವು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇದ್ದದ್ದು 200 ಆದರೆ ಇಳಿಕೆ ಬರೀ 30 ವೋಲ್ಟು, ಆದರೆ ಕಾವಿನಲ್ಲಿ ಕಾಲು ಭಾಗವೇ ಖೋತಾ. ಆಗ ಕಿಲನ್ನು 800ರ ಹತ್ತಿರ ತೆವಳುತ್ತದೆ. ಗಾಜು ಆ ಕಾವಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೂತು ಮೇಲ್ಮೈ ಮಂಜಾಗುತ್ತದೆ. ಪಂಪ್‌ಸೆಟ್‌ಗಳು ಓಡುವ ಹೊತ್ತು ಯಾವುದು, ನಿಮ್ಮ ಓಣಿಯಲ್ಲಿ ವೋಲ್ಟೇಜ್ ಚೆನ್ನಾಗಿರುವ ಹೊತ್ತು ಯಾವುದು ಎಂದು ಮೊದಲೇ ಒಂದು ವಾರ ಮೀಟರ್ ಹಿಡಿದು ಬರೆದಿಟ್ಟುಕೊಂಡರೆ, ಆ ಹೊತ್ತಿಗೆ ಸರಿಯಾಗಿ ಮೇಲಿನ ಕಾವು ಬರುವಂತೆ ಶುರು ಮಾಡಬಹುದು.

ಹೊಸ ಕಿಲನ್ನು ಬಂದ ಕೂಡಲೇ ಬೋಗುಣಿ ಮಾಡಲು ಹೊರಡಬೇಡಿ. ಗಾಜಿನ ಸಣ್ಣ ಪಟ್ಟಿಗಳನ್ನು ಕತ್ತರಿಸಿ, ಪ್ರತಿಯೊಂದನ್ನೂ ಎರಡು ಇಟ್ಟಿಗೆ ತುಂಡಿನ ಮೇಲೆ ಸೇತುವೆಯಂತೆ ಮಲಗಿಸಿ, ನಾಲ್ಕು ಮೂಲೆಗೊಂದು, ನಡುವೆ ಒಂದು ಇಟ್ಟು 690 ಡಿಗ್ರಿವರೆಗೆ ಕಾಯಿಸಿ ಹತ್ತು ನಿಮಿಷ ನಿಲ್ಲಿಸಿ. ಆರಿದ ಮೇಲೆ ಯಾವ ಪಟ್ಟಿ ಎಷ್ಟು ಜೋತು ಬಿದ್ದಿದೆ ಎಂದು ಅಳೆಯಿರಿ. ಹೆಚ್ಚು ಬಾಗಿದ ಕಡೆ ಕಾವು ಹೆಚ್ಚು. ಥರ್ಮೋಕಪಲ್ ತೋರಿಸುವುದು ತಾನಿರುವ ಜಾಗದ ಕಾವನ್ನು ಮಾತ್ರ. ನಿಮ್ಮ ಕಿಲನ್ನಿನ ಒಳಗಿನ ನಕ್ಷೆಯನ್ನು ಈ ಪಟ್ಟಿಗಳೇ ಬಿಡಿಸಿ ಕೊಡುತ್ತವೆ. ನನ್ನ ಈ ಬರಹದ ಅಂಕಿಗಳೂ ಅಷ್ಟೇ: ಶುರುವಿಗೆ ದಾರಿ ತೋರುವಂಥವು, ಹತ್ತಿಪ್ಪತ್ತು ಡಿಗ್ರಿ ಆಚೀಚೆ ನಿಮ್ಮ ಕಿಲನ್ನೇ ಹೇಳಬೇಕು.

ಈಗ ಇಳಿಯುವ ದಾರಿ. 30 ಸೆಂ.ಮೀ. ಉದ್ದದ ಗಾಜು 550 ಡಿಗ್ರಿಯಿಂದ ಕೋಣೆಯ ಕಾವಿಗೆ ಬರುವಷ್ಟರಲ್ಲಿ ಸುಮಾರು ಒಂದೂವರೆ ಮಿ.ಮೀ. ಕುಗ್ಗುತ್ತದೆ. ಇಡೀ ಹಲಗೆ ಒಟ್ಟಿಗೆ ಕುಗ್ಗಿದರೆ ತಂಟೆಯಿಲ್ಲ. ಆದರೆ ಗಾಜು ಕಾವನ್ನು ಬಹಳ ನಿಧಾನವಾಗಿ ಸಾಗಿಸುವ ವಸ್ತು. ಅಂಚು ಆರಿ ಬಿಗಿದಾಗ ನಡು ಇನ್ನೂ ಬಿಸಿ, ಇನ್ನೂ ಸಡಿಲ. ಆಮೇಲೆ ನಡು ಆರಿ ಕುಗ್ಗಲು ಹೋದರೆ ಆಗಲೇ ಗಟ್ಟಿಯಾದ ಅಂಚು ಬಿಡುವುದಿಲ್ಲ. ಈ ಎಳೆದಾಟ ಗಾಜಿನೊಳಗೆ ಶಾಶ್ವತವಾಗಿ ಉಳಿದುಬಿಡುತ್ತದೆ. ಹೊರಗೆ ಏನೂ ಕಾಣದು. ಪಾತ್ರೆ ಹೊಳೆಯುತ್ತಲೇ ಇರುತ್ತದೆ, ತಿಂಗಳ ನಂತರ ಒಂದು ಮಧ್ಯಾಹ್ನ ಕಪಾಟಿನಲ್ಲಿದ್ದಂತೆಯೇ ‘ಟಣ್’ ಎಂದು ಎರಡಾಗುತ್ತದೆ. ಇದನ್ನು ತಪ್ಪಿಸಲು ಇರುವ ಏಕೈಕ ಉಪಾಯ ಅನೀಲಿಂಗ್. ಗಾಜು ಆಕಾರ ಕೆಡದಷ್ಟು ಗಟ್ಟಿಯಾಗಿಯೂ, ಒಳಗಿನ ಎಳೆತ ಸಡಿಲಿಸಿಕೊಳ್ಳುವಷ್ಟು ಮೆತ್ತಗಾಗಿಯೂ ಇರುವ ಒಂದು ಕಾವಿದೆ, ಕಿಟಕಿ ಗಾಜಿಗೆ ಅದು 550ರ ಹತ್ತಿರ. ಅಲ್ಲಿ ನಿಲ್ಲಿಸಿ, ಅಂಚಿಗೂ ನಡುವಿಗೂ ಒಂದೇ ಕಾವು ಬರುವವರೆಗೆ ಕಾದು, ಆಮೇಲೆ ಮೆಲ್ಲಗೆ ಇಳಿಸಬೇಕು. ದಪ್ಪ ಎರಡು ಪಟ್ಟಾದರೆ ಇಳಿಸುವ ವೇಗ ಅರ್ಧವಲ್ಲ, ಕಾಲು ಭಾಗಕ್ಕೆ ಬರಬೇಕು. ಗಾಜಿನವರಿಗೆ ಈ ಕಟ್ಟುನಿಟ್ಟು ತಪ್ಪಿದ್ದಲ್ಲ, ಅವಸರದವರು ಸೋಲುವುದೂ ಇಲ್ಲೇ.

4 ಎಂ.ಎಂ. ಗಾಜಿನ ಎರಡು ಪದರ, ಒಂದು ಗೇಣು ಚೌಕದ ಹಲಗೆ ಎಂದಿಟ್ಟುಕೊಳ್ಳಿ. ಗಂಟೆಗೆ 150 ಡಿಗ್ರಿಯಂತೆ 600ರವರೆಗೆ ಏರಿಸಿ. ಅಲ್ಲಿಂದ ಗಂಟೆಗೆ 100ರಂತೆ 670ಕ್ಕೆ ಹೋಗಿ ಅರ್ಧ ಗಂಟೆ ನಿಲ್ಲಿಸಿ. ಮೇಲಿನ ಗಾಜು ಮೆಲ್ಲಗೆ ಕೆಳಗೆ ಕೂತು ನಡುವಿನ ಗಾಳಿಯನ್ನು ಅಂಚಿನತ್ತ ಒತ್ತಿ ಹಾಕುವುದು ಈ ಹೊತ್ತಿನಲ್ಲೇ. ಮುಂದೆ ಗಂಟೆಗೆ 300ರಂತೆ ಬೇಗ 830 ಮುಟ್ಟಿ ಹತ್ತು ನಿಮಿಷ. ಅಲ್ಲಿಂದ 550ರವರೆಗೆ ಕಿಲನ್ನು ಎಷ್ಟು ಬೇಗ ಇಳಿದರೂ ಸರಿ, ಮುಚ್ಚಳ ಮಾತ್ರ ತೆರೆಯಬೇಡಿ. 550ರಲ್ಲಿ ಒಂದು ಗಂಟೆ. ಗಂಟೆಗೆ 55ರಂತೆ 430ಕ್ಕೆ, 100ರಂತೆ 370ಕ್ಕೆ ಇಳಿಸಿ ಸ್ವಿಚ್ ಆರಿಸಿ. ಉಳಿದದ್ದು ತಾನಾಗಿ ಆರಲಿ. ಸಂಜೆ ಇಟ್ಟದ್ದನ್ನು ಮರುದಿನ ಮಧ್ಯಾಹ್ನ, ಒಳಗಿನ ಕಾವು ಕೋಣೆಯ ಕಾವಿಗೆ ಇಳಿದ ಮೇಲಷ್ಟೇ ತೆಗೆಯಬೇಕು. ಒಂದೇ ಪದರದ 4 ಎಂ.ಎಂ. ಗಾಜನ್ನು 830ಕ್ಕೆ ಒಯ್ದರೆ ಅಂಚುಗಳು ಒಳಕ್ಕೆ ಎಳೆದುಕೊಂಡು ಮುಳ್ಳುಮುಳ್ಳಾಗುತ್ತವೆ. ಪೂರ್ತಿ ಕಾದ ಗಾಜು ಸುಮಾರು 6 ಎಂ.ಎಂ. ದಪ್ಪಕ್ಕೆ ಬಂದು ನಿಲ್ಲಲು ತವಕಿಸುತ್ತದೆ. ಅದಕ್ಕಿಂತ ತೆಳುವಿದ್ದರೆ ಕುಗ್ಗುತ್ತದೆ, ದಪ್ಪವಿದ್ದರೆ ಹರಡುತ್ತದೆ.

ಒಡೆದ ಗಾಜನ್ನು ಕಸಕ್ಕೆ ಎಸೆಯುವ ಮೊದಲು ಓದಿ. ಬೆಳಕಿಗೆ ಹಿಡಿದು, ಬಿರುಕಿನ ಅಂಚಿನ ಮೇಲೆ ಉಗುರು ಆಡಿಸಿ ನೋಡಿ. ಅಂಚು ನುಣ್ಣಗೆ ಉರುಟಾಗಿದ್ದರೆ ಅದು ಏರುವ ದಾರಿಯಲ್ಲಿ ಒಡೆದದ್ದು: 500ರ ಒಳಗೆ ಸೀಳಿ, ಆಮೇಲೆ 830ರಲ್ಲಿ ಆ ಸೀಳಿನ ಅಂಚು ಕರಗಿ ಮೃದುವಾಗಿದೆ. ಮುಂದಿನ ಸಲ ಮೊದಲ ಹಂತ ನಿಧಾನ ಮಾಡಿ. ಅಂಚು ಬ್ಲೇಡಿನಂತೆ ಚೂಪಾಗಿದ್ದರೆ ಒಡೆದದ್ದು ಇಳಿಯುವಾಗ, ಅಥವಾ ಮುಚ್ಚಳ ಬೇಗ ತೆರೆದಾಗ. ಬಿರುಕಿನ ದಾರಿಯೂ ಮಾತಾಡುತ್ತದೆ. ಹಲಗೆಯ ಒಂದು ಅಂಚಿನಿಂದ ಹೊರಟು ಹಾವಿನಂತೆ ಬಳುಕಿ ಇನ್ನೊಂದು ಅಂಚಿಗೆ ಹೋಗಿದ್ದರೆ ಅನೀಲಿಂಗ್ ಸಾಲಲಿಲ್ಲ ಎಂದರ್ಥ. ಎರಡು ಗಾಜು ಕೂಡಿದ ಗೆರೆಯನ್ನೇ ಹಿಡಿದು ಹೋಗಿದ್ದರೆ ಆ ಎರಡು ಗಾಜಿಗೂ ಹೊಂದಾಣಿಕೆಯಿಲ್ಲ. ಹೀಗೆ ಹೊಂದದ ಜೋಡಿಯನ್ನು ಎಷ್ಟು ನಿಧಾನವಾಗಿ ಆರಿಸಿದರೂ ಉಳಿಯದು. ಒಡೆಯುವ ಮೊದಲೇ ತಿಳಿಯಬೇಕಾದರೆ ಎರಡು ಪೋಲರೈಸಿಂಗ್ ಫಿಲ್ಮ್ ಬೇಕು. ಒಂದನ್ನು ಬೆಳಕಿನ ಮೇಲಿಟ್ಟು, ಅದರ ಮೇಲೆ ಗಾಜಿಟ್ಟು, ಇನ್ನೊಂದನ್ನು ಅಡ್ಡವಾಗಿ ತಿರುಗಿಸಿ ಹಿಡಿದರೆ ಎಲ್ಲವೂ ಕಪ್ಪಾಗುತ್ತದೆ. ಒಳಗೆ ಎಳೆತವಿರುವ ಕಡೆ ಮಾತ್ರ ಬೆಳ್ಳಗೆ ಪ್ರಭೆ ಹೊಳೆಯುತ್ತದೆ. ಕೈಗೆ ಸಿಗದ ದೋಷವೊಂದು ಕಣ್ಣೆದುರು ಹಾಗೆ ಬೆಳಗುವುದನ್ನು ಒಮ್ಮೆ ನೋಡಿದವರು ಅನೀಲಿಂಗ್‌ನಲ್ಲಿ ಮತ್ತೆಂದೂ ಅವಸರ ಮಾಡಲಾರರು.

ಬಿಳಿ ಪೊರೆಗೆ ಧೂಳು, ಉಪ್ಪು, ಮೇಲಿನ ಕಾವಿನಲ್ಲಿ ಹೆಚ್ಚು ಹೊತ್ತು ಕೂರುವುದು ಮೂರೂ ಕಾರಣ. ಗಾಜಿನ ಮೇಲ್ಮೈ ಹರಳುಗಟ್ಟುವುದು ಅದು. ಕಿಟಕಿ ಗಾಜಿಗೆ ಈ ಚಾಳಿ ತುಸು ಹೆಚ್ಚು. ಪತ್ತಾರರು ಬೆಸುಗೆಗೆ ಬಳಸುವ ಬಿಳಿಗಾರವನ್ನು ಬಿಸಿ ನೀರಲ್ಲಿ ಕರಗುವಷ್ಟು ಕರಗಿಸಿ, ತಿಳಿಯನ್ನು ತೆಳ್ಳಗೆ ಹಚ್ಚಿ ಪೂರ್ತಿ ಒಣಗಿಸಿ ಕಾಯಿಸಿದರೆ ಮೇಲ್ಮೈ ಮತ್ತೆ ಹೊಳಪಾಗುತ್ತದೆ. ಇನ್ನೊಂದು ಬಗೆಯ ಮಬ್ಬು ಬಾಗಿಸುವಾಗ ಬರುತ್ತದೆ. ಇಂದಿನ ಕಿಟಕಿ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ತಯಾರಿಸುತ್ತಾರೆ; ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಜಗತ್ತಿಗೆ ತಿಳಿಸಿದ ವಿಧಾನ ಇದು. ತವರಕ್ಕೆ ತಾಗಿದ ಮುಖದಲ್ಲಿ ಅದರ ಅತಿ ತೆಳುವಾದ ಅಂಶ ಉಳಿದಿರುತ್ತದೆ. ಬಾಗಿಸುವಾಗ ಆ ಮುಖ ಬೋಗುಣಿಯ ಒಳಮೈಗೆ ಬಂದರೆ ಒತ್ತಡಕ್ಕೆ ಸುಕ್ಕಾಗಿ ಮಂಜು ಕವಿದಂತೆ ಕಾಣುತ್ತದೆ. ತವರದ ಮುಖ ಕೆಳಗಿರಲಿ. 254 ನ್ಯಾನೊಮೀಟರಿನ ಯು.ವಿ. ದೀಪದಲ್ಲಿ ಆ ಮುಖ ಹಾಲಿನಂತೆ ಮಿನುಗುತ್ತದೆ. ಖೋಟಾ ನೋಟು ನೋಡುವ ಸಾಮಾನ್ಯ ದೀಪ 365ರದ್ದು, ಅದರಲ್ಲಿ ತಿಳಿಯುವುದಿಲ್ಲ. 254ರ ಬೆಳಕು ಕಣ್ಣು, ಚರ್ಮಗಳನ್ನು ಸುಡುವಂಥದ್ದು, ಕನ್ನಡಕವಿಲ್ಲದೆ ಹಚ್ಚಲೇಬಾರದು.

ಕಿಲನ್ನಿನ ಕಾರ್ಡಿಯರೈಟ್ ಹಲಗೆಗೆ ಗಾಜು ಅಂಟದಂತೆ ಅಲ್ಯೂಮಿನಾ ಹೈಡ್ರೇಟ್ ಮತ್ತು ಚೀನೀ ಮಣ್ಣು ಕಲಸಿದ ಕಿಲನ್ ವಾಷನ್ನು ಮೆತ್ತನೆಯ ಕುಂಚದಲ್ಲಿ ನಾಲ್ಕೈದು ಸಲ ಅಡ್ಡ-ಉದ್ದ ಬಳಿದು ಒಣಗಿಸಬೇಕು. 830 ಕಂಡ ಬಳಿತ ಎರಡನೆಯ ಸಲಕ್ಕೆ ನಂಬಿಕೆಗೆ ಅರ್ಹವಲ್ಲ, ಕೆರೆದು ಹೊಸದಾಗಿ ಬಳಿಯಿರಿ. ಕೆರೆಯುವಾಗ ಎನ್-95 ಮಾಸ್ಕ್ ಕಡ್ಡಾಯ. ಸಿರಾಮಿಕ್ ಬ್ಲಾಂಕೆಟ್ ಕತ್ತರಿಸುವಾಗಲೂ ಅಷ್ಟೇ. ಆ ಧೂಳನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಕರೆಂಟು ಹೋದರೆ? ಹೋಗಿಯೇ ಹೋಗುತ್ತದೆ ಎಂದು ತಿಳಿದೇ ಶುರು ಮಾಡಬೇಕು. ಮೊದಲ ಮಾತು, ಮುಚ್ಚಳ ಎತ್ತಬೇಡಿ. 500ರ ಒಳಗೆ ಏರುತ್ತಿದ್ದಾಗ ಹೋದರೆ ನಷ್ಟವಿಲ್ಲ, ಆರಲು ಬಿಟ್ಟು ಮೊದಲಿನಿಂದ ಶುರು ಮಾಡಿ. 830 ಮುಟ್ಟಿದ ಮೇಲೆ ಹೋಗಿ, ಕರೆಂಟು ಬರುವ ಹೊತ್ತಿಗೆ 400ಕ್ಕೆ ಇಳಿದಿದ್ದರೆ ಗಂಟೆಗೆ 60–70ರಂತೆ 550ಕ್ಕೆ ಏರಿಸಿ, ಒಂದರ ಬದಲು ಎರಡು ಗಂಟೆ ನಿಲ್ಲಿಸಿ ಇಳಿಸಿ. ಪೂರ್ತಿ ಆರಿಹೋಗಿ ಗಾಜು ಇನ್ನೂ ಇಡಿಯಾಗಿದ್ದರೆ ಅದನ್ನು ಮುಟ್ಟದೆ, ಅಲ್ಲೇ ಇಟ್ಟುಕೊಂಡು ಇನ್ನೂ ನಿಧಾನವಾಗಿ 550ಕ್ಕೆ ಒಯ್ದು ಅನೀಲಿಂಗ್ ಮಾಡಬಹುದು. ಕರೆಂಟು ಮರಳಿದಾಗ ಕಂಟ್ರೋಲರ್ ನಿಂತಲ್ಲಿಂದ ಮುಂದುವರಿಯುತ್ತದೋ, ಮೊದಲ ಹಂತಕ್ಕೆ ಹೋಗುತ್ತದೋ, ಸುಮ್ಮನಿರುತ್ತದೋ ಎಂಬುದು ಅದರ ಸೆಟ್ಟಿಂಗ್‌ನಲ್ಲಿ ಇರುತ್ತದೆ. ಖಾಲಿ ಕಿಲನ್ನಿನಲ್ಲಿ ಬೇಕೆಂದೇ ಎಂ.ಸಿ.ಬಿ. ಇಳಿಸಿ ಇದನ್ನು ಪರೀಕ್ಷಿಸಿ ಇಟ್ಟುಕೊಳ್ಳಬೇಕು.

ಅಚ್ಚುಗಳಿಗೆ ನಮ್ಮ ಕುಂಬಾರರೇ ಇದ್ದಾರೆ. ಹೊಳಪು ಹಚ್ಚದ, ಒಮ್ಮೆ ಸುಟ್ಟ ಮಣ್ಣಿನ ಅಗಲ ಬೋಗುಣಿ ಬೇಕು ಎನ್ನಿ. ತಳದಲ್ಲಿ ಕಡ್ಡಿ ತೂರುವಷ್ಟು ಎರಡು ಮೂರು ರಂಧ್ರ ಹಸಿಯಿರುವಾಗಲೇ ಹಾಕಿಸಿ, ಇಲ್ಲವಾದರೆ ಗಾಳಿ ಸಿಕ್ಕಿಕೊಂಡು ಗಾಜು ಗುಳ್ಳೆಯೇಳುತ್ತದೆ. ಗೋಡೆ ನೆಟ್ಟಗಿರುವ ಅಚ್ಚಿನಲ್ಲಿ ಗಾಜು ಜಾರದು, ಇಳಿಜಾರು ಸಾವಕಾಶವಾಗಿರಲಿ. ಇಲ್ಲೊಂದು ನಿಯಮ ಮರೆಯಬಾರದು: ಮಣ್ಣಿನ ಅಚ್ಚಿನ ಒಳಕ್ಕೆ ಗಾಜನ್ನು ಇಳಿಸಿ, ಮಣ್ಣಿನ ಮೇಲೆ ಕವುಚಿ ಹೊದಿಸಬೇಡಿ. ಆರುವಾಗ ಗಾಜು ಮಣ್ಣಿಗಿಂತ ಹೆಚ್ಚು ಕುಗ್ಗುತ್ತದೆ. ಒಳಗಿದ್ದರೆ ಸಲೀಸಾಗಿ ಬಿಡಿಸಿಕೊಳ್ಳುತ್ತದೆ, ಮೇಲಿದ್ದರೆ ಅಚ್ಚನ್ನು ಬಿಗಿದು ಹಿಡಿದು ಒಡೆಯುತ್ತದೆ. ಕವುಚಿ ಹೊದಿಸಲು ಸ್ಟೀಲಿನ ಪಾತ್ರೆ ಸರಿ. ಸ್ಟೀಲು ಗಾಜಿಗಿಂತಲೂ ಹೆಚ್ಚು ಕುಗ್ಗಿ ತಾನೇ ಸರಿದುಕೊಳ್ಳುತ್ತದೆ. ಅದಕ್ಕೂ ಕಿಲನ್ ವಾಷ್ ಬಳಿಯಬೇಕು.

ಬೆಸೆದ ಹಲಗೆಯ ಅಂಚನ್ನು ಬಾಗಿಸುವ ಮೊದಲು ನಯ ಮಾಡಿಕೊಳ್ಳಬೇಕು. ಅದಕ್ಕೆ ಕುಷ್ಟಗಿಗಿಂತ ಒಳ್ಳೆಯ ಊರು ಬೇಕಿಲ್ಲ. ಇಳಕಲ್-ಕುಷ್ಟಗಿ ಸೀಮೆಯ ಗುಲಾಬಿ ಗ್ರಾನೈಟ್ ಪಾಲಿಶ್ ಮಾಡುವವರ ಕೈಯಲ್ಲಿರುವ ನೀರು ಹರಿಸುವ ಗ್ರೈಂಡರು, ಡೈಮಂಡ್ ಪ್ಯಾಡುಗಳೇ ಗಾಜಿಗೂ ಬೇಕಾದವು. ದೊರಗು ಪ್ಯಾಡಿನಿಂದ ಶುರು ಮಾಡಿ ಒಂದೊಂದೇ ನಯದ ಪ್ಯಾಡಿಗೆ ಏರುತ್ತ ಹೋಗುವ ಕ್ರಮವೂ ಅದೇ. ಗ್ರಾನೈಟಿಗೆ ಒತ್ತಿದಷ್ಟು ಗಾಜಿಗೆ ಒತ್ತಬಾರದು, ನೀರು ಒಂದು ಕ್ಷಣವೂ ನಿಲ್ಲಬಾರದು ಎಂದು ಹೇಳಿಕೊಟ್ಟರೆ ಉಳಿದದ್ದು ಅವರಿಗೆ ಗೊತ್ತಿರುವ ಕೆಲಸ. ಕಿಲನ್ನಿಗೆ ಹಾಕುವ ಬಂಡವಾಳ ಒಬ್ಬ ಯುವ ಕಲಾವಿದನಿಗೆ ಭಾರವೇ. ಆದರೆ ಒಂದು ಸುಡುವಿಕೆ ಒಂದು ದಿನ ತಿನ್ನುವ ಈ ಕಸುಬಿನಲ್ಲಿ ನಾಲ್ಕೈದು ಜನ ಸೇರಿ ವಾರ ಹಂಚಿಕೊಂಡರೆ ಯಾರಿಗೂ ಕಾಯುವ ಕಷ್ಟವಿಲ್ಲ. ಜಿಲ್ಲೆಯ ಐ.ಟಿ.ಐ.ಗಳಲ್ಲಿ ವೆಲ್ಡಿಂಗ್, ಎಲೆಕ್ಟ್ರಿಕಲ್ ಕಲಿಸುವ ಶೆಡ್ಡುಗಳಿವೆ. ಪ್ರತ್ಯೇಕ ಲೈನು, ಅರ್ಥಿಂಗ್, ಪ್ಯಾನಲ್ ಬೋರ್ಡ್ ಬಲ್ಲ ಮೇಷ್ಟ್ರು ಅಲ್ಲೇ ಇದ್ದಾರೆ. ಅಂಥ ಒಂದು ಶೆಡ್ಡಿನ ಮೂಲೆಯಲ್ಲಿ ಮೊದಲ ಕಿಲನ್ನನ್ನು ಹುಡುಗರ ಕೈಯಲ್ಲೇ ಕಟ್ಟಿಸಬಹುದು. ಇಟ್ಟಿಗೆ, ಬ್ಲಾಂಕೆಟ್, ಕಾಯಿಲ್, ಥರ್ಮೋಕಪಲ್ ಎಲ್ಲವೂ ಗಿಣಿಗೇರಿಯ ಕಾರ್ಖಾನೆಗಳಿಗೆ ಸರಕು ಒದಗಿಸುವವರ ಪಟ್ಟಿಯಲ್ಲಿ ಇರುವಂಥವೇ.